1-0 ಅಂತರದ ಬೇಸ್‌ಬಾಲ್ ಪಂದ್ಯದಲ್ಲಿ ನೋಡುವುದಕ್ಕೆ ಏನಿರುತ್ತದೆ?

ಕ್ರಿಕೆಟ್ ನೋಡಿ ಬೆಳೆದವರಿಗೆ ಒಂದೇ ರನ್ನಿನಲ್ಲಿ ಮುಗಿಯುವ ಬೇಸ್‌ಬಾಲ್ ಪಂದ್ಯ ಏಕೆ ರುಚಿಸಬೇಕು ಎಂದು ತಾವು ಕೇಳಿದ್ದೀರಿ. ನನಗೂ ಇದೇ ಸಂಶಯವಿತ್ತು. 1991ರ ಅಕ್ಟೋಬರ್ 27ರಂದು ಮಿನಿಯಾಪೊಲಿಸ್‌ನಲ್ಲಿ ನಡೆದ ವರ್ಲ್ಡ್ ಸೀರೀಸ್‌ನ (ಅಮೆರಿಕದ ಬೇಸ್‌ಬಾಲ್‌ನ ಅಂತಿಮ ಸರಣಿ; ನಾಲ್ಕು ಪಂದ್ಯ ಮೊದಲು ಗೆದ್ದವರಿಗೆ ಪ್ರಶಸ್ತಿ) ಏಳನೆಯ ಪಂದ್ಯದ ವಿಡಿಯೊ ನೋಡಿದ ಮೇಲೆ ಅದು ಹೋಯಿತು. ಮಿನ್ನೆಸೋಟ ಟ್ವಿನ್ಸ್ ಮತ್ತು ಅಟ್ಲಾಂಟಾ ಬ್ರೇವ್ಸ್ ತಲಾ ಮೂರು ಪಂದ್ಯ ಗೆದ್ದು ಅಲ್ಲಿಗೆ ಬಂದಿದ್ದವು.

ಟ್ವಿನ್ಸ್ ಪರ ಚೆಂಡು ಎಸೆದವರು 36 ವರ್ಷದ ಜ್ಯಾಕ್ ಮೋರಿಸ್; ಎದುರಿಗೆ 24ರ ಜಾನ್ ಸ್ಮೋಲ್ಟ್ಜ್. ಮಿಷಿಗನ್‌ನಲ್ಲಿ ಬೆಳೆದ ಸ್ಮೋಲ್ಟ್ಜ್ ಹುಡುಗನಾಗಿದ್ದಾಗ ಡೆಟ್ರಾಯಿಟ್ ತಂಡದ ಪಿಚರ್ ಆಗಿದ್ದ ಇದೇ ಮೋರಿಸ್‌ರನ್ನು ಆರಾಧಿಸುತ್ತಿದ್ದವರು. ಮೋರಿಸ್‌ರ ಮುಖ್ಯ ಅಸ್ತ್ರವೆಂದರೆ ಎರಡು ಬೆರಳುಗಳನ್ನು ಅಗಲಿಸಿ ಹಿಡಿದು ಎಸೆಯುವ ಚೆಂಡು: ಅದು ವೇಗದ ಚೆಂಡಿನಂತೆಯೇ ಹೊರಟು, ಬ್ಯಾಟು ಬೀಸುವ ಹೊತ್ತಿಗೆ ಸರಿಯಾಗಿ ಕೆಳಗಿಳಿಯುತ್ತದೆ.

ಬೇಸ್‌ಬಾಲ್‌ನಲ್ಲಿ ಎರಡೂ ತಂಡಗಳು ಮೂವರು ಔಟಾಗುವವರೆಗೆ ಒಂದೊಂದು ಸಲ ಬ್ಯಾಟ್ ಮಾಡಿದರೆ ಒಂದು ಇನ್ನಿಂಗ್ಸ್; ಅಂಥ ಒಂಬತ್ತರಲ್ಲಿ ಏಳು ಮುಗಿದರೂ ಯಾರಿಗೂ ರನ್ ದಕ್ಕಿರಲಿಲ್ಲ. ಎಂಟನೆಯದನ್ನು ಮಾತ್ರ ತಾವು ಕದಲದೆ ನೋಡಬೇಕು. ಮೂರು ಬೇಸ್‌ಗಳನ್ನು ಸುತ್ತಿ, ಬ್ಯಾಟು ಬೀಸುವ ಜಾಗವಾದ ಹೋಮ್ ಪ್ಲೇಟ್‌ಗೆ ಮರಳಿದರೆ ಒಂದು ರನ್; ಅಟ್ಲಾಂಟಾದ ಲಾನಿ ಸ್ಮಿತ್ ಮೊದಲ ಬೇಸ್‌ನಿಂದ ಓಟ ಕಿತ್ತಿದ್ದರು. ಟೆರಿ ಪೆಂಡಲ್ಟನ್ ಹೊಡೆದ ಚೆಂಡು ದೂರಕ್ಕೆ ಹೋಗಿತ್ತು. ಸ್ಮಿತ್ ನಿಲ್ಲದಿದ್ದರೆ ರನ್ ಬಹುತೇಕ ಖಚಿತ. ಆದರೆ ಟ್ವಿನ್ಸ್‌ನ ಚಕ್ ನಾಬ್ಲಾಕ್, ಇಲ್ಲದ ಚೆಂಡನ್ನು ಹಿಡಿದು ಎರಡನೆಯ ಬೇಸ್‌ಗೆ ಎಸೆಯುವಂತೆ ನಟಿಸಿದರು. ಸ್ಮಿತ್ ಒಂದು ಕ್ಷಣ ತಡೆದು ನಿಂತರು, ಮೂರನೆಯ ಬೇಸ್ ದಾಟಲಿಲ್ಲ. (ಆ ನಟನೆಗೆ ತಾನು ಮೋಸಹೋಗಲಿಲ್ಲ, ಚೆಂಡು ಎಲ್ಲಿದೆಯೆಂದೇ ಕಾಣಲಿಲ್ಲ ಎಂದು ಸ್ಮಿತ್ ಮುಂದೆ ಹೇಳುತ್ತಲೇ ಬಂದರು.) ಯಾರೂ ಔಟಾಗದೆ ಎರಡನೆಯ ಮತ್ತು ಮೂರನೆಯ ಬೇಸ್‌ಗಳಲ್ಲಿ ಓಟಗಾರರಿದ್ದ ಆ ಸ್ಥಿತಿಯಲ್ಲಿ ಮೋರಿಸ್ ಒಬ್ಬ ಬ್ಯಾಟರ್‌ನಿಂದ ಮೊದಲ ಬೇಸ್‌ನತ್ತ ಸಪ್ಪೆ ಹೊಡೆತ ಹೊಡೆಸಿದರು, ಮತ್ತೊಬ್ಬನಿಗೆ ಬೇಕೆಂದೇ ನಡಿಗೆ ಕೊಟ್ಟು (ಹೊಡೆಯಲಾಗದಂತೆ ಎಸೆದು ಮೊದಲ ಬೇಸ್‌ಗೆ ಸುಮ್ಮನೆ ಬಿಟ್ಟು) ಮೂರೂ ಬೇಸ್‌ಗಳನ್ನು ತುಂಬಿಸಿದರು, ಮೂರನೆಯವನ ಹೊಡೆತಕ್ಕೆ ಇಬ್ಬರು ಒಟ್ಟಿಗೇ ಔಟಾದರು. ಅದೇ ಇನ್ನಿಂಗ್ಸ್‌ನ ಇನ್ನರ್ಧದಲ್ಲಿ ಟ್ವಿನ್ಸ್ ಕೂಡ ಮೂರೂ ಬೇಸ್ ತುಂಬಿಕೊಂಡು, ಹಾಗೆಯೇ ಒಂದೇ ಹೊಡೆತಕ್ಕೆ ಇಬ್ಬರನ್ನು ಕಳೆದುಕೊಂಡು ಬರಿಗೈಯಲ್ಲಿ ಮರಳಿತು.

ಒಂಬತ್ತನೆಯ ಇನ್ನಿಂಗ್ಸ್ ಕೂಡ ರನ್ನಿಲ್ಲದೆ ಮುಗಿದು ಆಟ ಮುಂದುವರಿಯಬೇಕಾದಾಗ ಮ್ಯಾನೇಜರ್ ಟಾಮ್ ಕೆಲ್ಲಿ ಮೋರಿಸ್‌ಗೆ ಸಾಕೆಂದರು, ಅವರು ಒಪ್ಪಲಿಲ್ಲ. ಅಂದು ಅವರು ಎಸೆದ ಚೆಂಡುಗಳು 126. ಈಗಿನ ತಂಡಗಳು ಅದಕ್ಕೆ ಬಹಳ ಮೊದಲೇ ಪಿಚರ್‌ನನ್ನು ಬದಲಿಸಿಬಿಡುತ್ತವೆ. ಲೆಕ್ಕಾಚಾರ ಸರಿಯೇ ಇರಬಹುದು, ನನಗಂತೂ ಅದರಿಂದ ಆಟದ ಸೊಗಸು ಕುಗ್ಗಿದೆ ಎನಿಸುತ್ತದೆ.

ಹತ್ತನೆಯ ಇನ್ನಿಂಗ್ಸ್‌ನಲ್ಲಿ ಟ್ವಿನ್ಸ್‌ನ ಡ್ಯಾನ್ ಗ್ಲ್ಯಾಡನ್, ಬ್ಯಾಟು ಮುರಿದ ಹೊಡೆತದಿಂದಲೇ ಎರಡನೆಯ ಬೇಸ್ ಮುಟ್ಟಿದರು, ನಾಬ್ಲಾಕ್‌ರ ಬಂಟ್ (ಬ್ಯಾಟು ಬೀಸದೆ ಮೆಲ್ಲಗೆ ತಾಗಿಸುವ ಹೊಡೆತ) ಅವರನ್ನು ಮೂರನೆಯದಕ್ಕೆ ಸಾಗಿಸಿತು. ಮುಂದಿನ ಇಬ್ಬರಿಗೂ ಅಟ್ಲಾಂಟಾ ಬೇಕೆಂದೇ ನಡಿಗೆ ಕೊಟ್ಟಿತು. ನಾವು ಕೊನೆಯ ರನ್ ತಡೆಯಲು ಫೀಲ್ಡರ್‌ಗಳನ್ನು ವೃತ್ತದೊಳಕ್ಕೆ ಕರೆಸಿಕೊಳ್ಳುವಂತೆ ಅವರೂ ಹೊರಗಿನ ಫೀಲ್ಡರ್‌ಗಳನ್ನು ಹತ್ತಿರಕ್ಕೆ ತಂದಿದ್ದರು. ಮೊಣಕಾಲು ನೋವಿದ್ದ ಜೀನ್ ಲಾರ್ಕಿನ್ ಬದಲಿ ಬ್ಯಾಟರ್ ಆಗಿ ಬಂದು ಮೊದಲ ಚೆಂಡನ್ನೇ ಎತ್ತಿ ಹೊಡೆದರು. ಬೇರೆ ದಿನವಾಗಿದ್ದರೆ ಸುಲಭದ ಕ್ಯಾಚ್ ಆಗಬಹುದಾಗಿದ್ದ ಆ ಚೆಂಡು ಹತ್ತಿರ ಬಂದಿದ್ದ ಫೀಲ್ಡರ್‌ಗಳ ತಲೆಯ ಮೇಲಿಂದ ಹಾದು ಖಾಲಿ ಜಾಗದಲ್ಲಿ ಬಿತ್ತು. ಗ್ಲ್ಯಾಡನ್ ಓಡಿಬಂದು ಹೋಮ್ ಪ್ಲೇಟ್ ಮೆಟ್ಟುವಾಗ, ಅಲ್ಲಿ ಅವರಿಗಾಗಿ ಕಾದು ನಿಂತಿದ್ದವರು ಮೋರಿಸ್.