ಸ್ಕ್ಯಾನ್ ಆದ ಮೇಲೂ ಕೊಲೊನೊಸ್ಕೋಪಿ ಏಕೆ?

ಪ್ರಶ್ನೆ: ನಮ್ಮ ತಂದೆಯವರಿಗೆ 68 ವರ್ಷ. ಕಳೆದ ತಿಂಗಳು ಹೊಟ್ಟೆಯ ಎಡಭಾಗದಲ್ಲಿ ಇದ್ದಕ್ಕಿದ್ದಂತೆ ನೋವು ಕಾಣಿಸಿಕೊಂಡು, ಮಲದಲ್ಲಿ ರಕ್ತ ಹೋಯಿತು. ಸಿ.ಟಿ. ಸ್ಕ್ಯಾನ್ ನೋಡಿದ ವೈದ್ಯರು ಇಸ್ಕೀಮಿಕ್ ಕೊಲೈಟಿಸ್ ಇರಬಹುದೆಂದು ಹೇಳಿ, ಮರುದಿನ ಕೊಲೊನೊಸ್ಕೋಪಿಯನ್ನೂ (ಗುದದ್ವಾರದಿಂದ ಕ್ಯಾಮೆರಾ ಇರುವ ಕೊಳವೆ ಹಾಕಿ ದೊಡ್ಡ ಕರುಳನ್ನು ನೋಡುವ ಪರೀಕ್ಷೆ) ಮಾಡಿದರು. ಈಗ ಚೇತರಿಸಿಕೊಂಡಿದ್ದಾರೆ. ಎರಡೆರಡು ಪರೀಕ್ಷೆ ಬೇಕಿತ್ತೆ? ರಕ್ತನಾಳದ ತೊಂದರೆಯಾದರೆ ಆಂಜಿಯೋಗ್ರಾಂ ಏಕೆ ಮಾಡಲಿಲ್ಲ?

ಉತ್ತರ: ತಂದೆಯವರು ಚೇತರಿಸಿಕೊಂಡದ್ದು ಸಂತೋಷ. ದೊಡ್ಡ ಕರುಳಿಗೆ ರಕ್ತ ಸಾಲದೆ ಉಂಟಾಗುವ ಈ ಉರಿಯೂತ ಹೆಚ್ಚಿನವರಲ್ಲಿ ಶಸ್ತ್ರಚಿಕಿತ್ಸೆಯಿಲ್ಲದೆ ವಾಸಿಯಾಗುತ್ತದೆ. ಆದರೆ ಕರುಳು ಕೊಳೆಯಲಾರಂಭಿಸಿದ ಕೆಲವರನ್ನು ಬೇಗ ಗುರುತಿಸದಿದ್ದರೆ ಜೀವಕ್ಕೇ ಅಪಾಯ. ಆದ್ದರಿಂದಲೇ ಚಿತ್ರ ಸ್ಪಷ್ಟವಾಗಿ ಕಾಣಲೆಂದು ರಕ್ತನಾಳಕ್ಕೆ ಕಾಂಟ್ರಾಸ್ಟ್ ಔಷಧಿ ಕೊಟ್ಟು ಮಾಡುವ ಸಿ.ಟಿ. ಸ್ಕ್ಯಾನ್ ಮೊದಲು ಬರುತ್ತದೆ.

ಅದರಲ್ಲಿ ಕರುಳಿನ ಗೋಡೆ ಒಂದು ಭಾಗದಲ್ಲಷ್ಟೇ ಊದಿ ದಪ್ಪವಾಗಿರುವುದು ಕಾಣುತ್ತದೆ. ಎರಡು ರಕ್ತನಾಳಗಳ ವ್ಯಾಪ್ತಿ ಸಂಧಿಸುವ ಜಾಗಗಳಿಗೆ, ಮುಖ್ಯವಾಗಿ ಎಡಗಡೆ ಗುಲ್ಮದ ಹತ್ತಿರ ಕರುಳು ತಿರುಗುವಲ್ಲಿಗೆ, ರಕ್ತ ಪೂರೈಕೆ ಮೊದಲೇ ಅಷ್ಟಕ್ಕಷ್ಟೆ. ತಂದೆಯವರಿಗೆ ಎಡಗಡೆ ನೋವು ಬಂದದ್ದು ಇದಕ್ಕೆ ಹೊಂದುತ್ತದೆ. ಊದಿದ ಒಳಪದರ ಹೆಬ್ಬೆರಳು ಒತ್ತಿದ ಗುರುತುಗಳ ಹಾಗೆ ಉಬ್ಬುಬ್ಬಾಗಿ ಕಾಣುವುದುಂಟು. ಆದರೆ ಗೋಡೆಯೊಳಗೆ ಅಥವಾ ಯಕೃತ್ತಿಗೆ ಹೋಗುವ ಅಭಿಧಮನಿಯಲ್ಲಿ ಗಾಳಿ ಕಂಡರೆ ಕರುಳು ಸತ್ತಿರಬಹುದೆಂದು ಶಸ್ತ್ರಚಿಕಿತ್ಸಕರನ್ನು ತಕ್ಷಣ ಕರೆಯಬೇಕಾಗುತ್ತದೆ.

ಆದರೆ ಗೋಡೆ ದಪ್ಪವಾಗುವುದು ಸೋಂಕಿನಲ್ಲೂ ಉಂಟು, ಕರುಳಿನ ದೀರ್ಘಕಾಲದ ಉರಿಯೂತವಾದ ಕ್ರೋನ್ಸ್ ಕಾಯಿಲೆಯಲ್ಲೂ ಉಂಟು. ಒಳಪದರವನ್ನೇ ಕಣ್ಣಾರೆ ನೋಡಿ, ಚೂರು ತೆಗೆದು ಬಯಾಪ್ಸಿಗೆ ಕಳಿಸಲು ಕೊಲೊನೊಸ್ಕೋಪಿಯೇ ಬೇಕು. ಸಾಧ್ಯವಾದಷ್ಟೂ 48 ಗಂಟೆಯೊಳಗೆ ಮಾಡುವುದು ಲೇಸು, ತಡವಾದರೆ ಗುರುತುಗಳು ಮಾಸುತ್ತವೆ. ನೊಂದ ಕರುಳು ಹಿಗ್ಗದಂತೆ ಗಾಳಿಯನ್ನು ಮಿತವಾಗಿ ತುಂಬುತ್ತಾರೆ. ಕರುಳು ತೂತಾದ ಅಥವಾ ಕೊಳೆತ ಲಕ್ಷಣವಿದ್ದರೆ ಈ ಪರೀಕ್ಷೆಗೆ ಕೈಹಾಕುವುದಿಲ್ಲ.

ಇನ್ನು ಆಂಜಿಯೋಗ್ರಾಂ. ಇಲ್ಲಿ ಹೃದಯಾಘಾತದಂತೆ ದೊಡ್ಡ ನಾಳ ಕಟ್ಟಿಕೊಳ್ಳುವುದು ಅಪರೂಪ. ಅತಿ ಸಣ್ಣ ನಾಳಗಳಲ್ಲಿ ಹರಿವು ಸ್ವಲ್ಪ ಹೊತ್ತು ತಗ್ಗಿ, ಪರೀಕ್ಷೆಯ ಹೊತ್ತಿಗೆ ಮತ್ತೆ ಸರಿಹೋಗಿರುವುದೇ ಹೆಚ್ಚು. ದೊಡ್ಡ ಕರುಳಿನ ಬಲಭಾಗವೊಂದಕ್ಕೇ ತೊಂದರೆಯಾಗಿದ್ದರೆ ಅಥವಾ ಸಣ್ಣ ಕರುಳಿಗೂ ರಕ್ತ ಕೊಡುವ ಮುಖ್ಯ ಧಮನಿ ಕಟ್ಟಿಕೊಂಡ ಸಂಶಯವಿದ್ದರೆ ಸಿ.ಟಿ. ಆಂಜಿಯೋಗ್ರಾಂ ತಡಮಾಡದೆ ಆಗಲೇಬೇಕು. ತಂದೆಯವರಿಗೆ ಮುಂದೆ ಕಾಂಟ್ರಾಸ್ಟ್ ಕೊಡುವ ಸಂದರ್ಭ ಬಂದರೆ, ಮೂತ್ರಪಿಂಡದ ತೊಂದರೆ, ಅಲರ್ಜಿ ಅಥವಾ ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆಯ ವಿಷಯವನ್ನು ತಪ್ಪದೆ ಮೊದಲೇ ತಿಳಿಸಿ.