ಹೂವಿನ ಮಾತು: ಅಮ್ಮನ ಮನೆಗೆ ಒಂದು ಬುಟ್ಟಿ ಹಳದಿ ಹೂವು

ಪ್ರಶ್ನೆ: ಅಕ್ಕಾ, ನಾನು ಪುಣೆಯಲ್ಲಿದ್ದೇನೆ. ಅಮ್ಮ ಶಿವಮೊಗ್ಗ ಜಿಲ್ಲೆಯ ಸಾಗರ ಪೇಟೆಯಿಂದ ಆರು ಕಿಲೋಮೀಟರ್ ಒಳಗೆ, ತೋಟದ ಮನೆಯಲ್ಲಿ ಒಬ್ಬರೇ ಇದ್ದಾರೆ. ಜುಲೈ ತಿಂಗಳಲ್ಲಿ ಅವರಿಗೆ 70 ತುಂಬುತ್ತದೆ. ಈ ಸಲ ರಜೆ ಸಿಗಲಿಲ್ಲ. ನೋಡಿದ ಕೂಡಲೇ ಮನಸ್ಸು ಅರಳುವಂಥ ಒಂದು ಬೊಕೆ ಕಳಿಸಬೇಕು ಅಂತ ಆಸೆ. ಆದರೆ ಎರಡು ಅಳುಕು. ಅಷ್ಟು ಸಣ್ಣ ಊರಿನಲ್ಲಿ ಒಳ್ಳೆ ಬೊಕೆ ಸಿಗುತ್ತದಾ, ಮನೆವರೆಗೆ ತಲುಪಿಸುತ್ತಾರಾ? ಇನ್ನೊಂದು, ಅಪ್ಪ ಹೋಗಿ ಎರಡು ವರ್ಷವಾಯಿತು. ಆಮೇಲೆ ಅಮ್ಮ ಹೂ ಮುಡಿದಿಲ್ಲ. ಯಾರಾದರೂ ಕೊಟ್ಟರೆ ‘ನಂಗ್ಯಾಕೆ ಈಗ ಹೂವು’ ಅಂತ ದೇವರ ಮುಂದೆ ಇಡುತ್ತಾರೆ. ಬೊಕೆ ಕಳಿಸಿದರೆ ಅವರಿಗೆ ನೋವಾಗಬಹುದಾ?
– ಓದುಗರೊಬ್ಬರು, ಪುಣೆ

ಉತ್ತರ: ತಂಗಿ, ನಿಮ್ಮ ಎರಡನೇ ಅಳುಕಿನಿಂದಲೇ ಶುರು ಮಾಡುತ್ತೇನೆ. ಕಳಿಸಿ. ಖಂಡಿತ ಕಳಿಸಿ.

ನನ್ನ ಅಮ್ಮನೂ ಹಾಗೇ ಇದ್ದರು. ಅಪ್ಪ ತೀರಿಕೊಂಡಾಗ ಅಮ್ಮನಿಗೆ 61. ಆಗ ಶಿವಮೊಗ್ಗದಲ್ಲಿ ನನ್ನ ಹೂವಿನ ಅಂಗಡಿ ಇತ್ತು. ಅಮ್ಮ ಮಧ್ಯಾಹ್ನ ಅಂಗಡಿಗೆ ಬಂದು ಕೂತು ಸೇವಂತಿಗೆ ಕಟ್ಟಿಕೊಡುತ್ತಿದ್ದರು. ಅವರ ಕೈ ಎಷ್ಟು ಚುರುಕು ಅಂದರೆ ಗಂಟೆಯೊಳಗೆ ನಾಲ್ಕೈದು ಮಾರು ಮುಗಿಯುತ್ತಿತ್ತು. ತಮಗೆ ಅಂತ ಒಂದು ಎಸಳೂ ತೆಗೆದಿಟ್ಟುಕೊಳ್ಳುತ್ತಿರಲಿಲ್ಲ. ಬೀಳುವ ಮೊಗ್ಗನ್ನೂ ಆರಿಸಿ ದೇವರ ಬುಟ್ಟಿಗೆ ಹಾಕುತ್ತಿದ್ದರು. ಅದನ್ನು ನೋಡಿ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತಿತ್ತು. ‘ಮುಡಿದುಕೋ ಅಮ್ಮ’ ಅಂತ ಹೇಳುವ ಧೈರ್ಯವೂ ಇರಲಿಲ್ಲ.

ಒಂದು ರಾತ್ರಿ ಅಂಗಡಿಯಲ್ಲಿ ಮಿಕ್ಕಿದ್ದ ನಾಲ್ಕು ಹಳದಿ ಜರ್ಬೆರಾ ಮನೆಗೆ ತಂದೆ. ಸ್ಟೀಲ್ ತಂಬಿಗೆಗೆ ಹಾಕಿ, ಅವರು ಪೇಪರ್ ಓದುವ ಮೇಜಿನ ಮೇಲೆ ಸುಮ್ನೆ ಇಟ್ಟೆ. ಅಮ್ಮ ಏನೂ ಹೇಳಲಿಲ್ಲ. ಮರುದಿನ ನಾನು ಏಳುವಷ್ಟರಲ್ಲಿ ತಂಬಿಗೆಯ ನೀರು ಬದಲಾಗಿತ್ತು. ದಂಟಿನ ತುದಿಯನ್ನೂ ಓರೆಯಾಗಿ ಕತ್ತರಿಸಿದ್ದರು. ಐದನೇ ದಿನ ಅವರೇ ಕೇಳಿದರು, ‘ಆ ಹೂವು ಬಾಡಿತು ಮಗಾ, ಇನ್ನೆರಡು ತರ್ತೀಯಾ?’

ಮುಡಿಯುವ ಹೂವಿಗೆ ನಮ್ಮಲ್ಲಿ ಕಟ್ಟುಪಾಡು ಜಾಸ್ತಿ. ಯಾರು ಮುಡಿಯಬೇಕು, ಯಾವಾಗ ಬಿಡಬೇಕು ಎಂದೆಲ್ಲ ಬೇರೆಯವರು ಹೇಳಿಟ್ಟಿದ್ದಾರೆ. ಮೇಜಿನ ಮೇಲೆ ನೀರಿನಲ್ಲಿ ನಿಂತ ಹೂವಿಗೆ ಯಾರೂ ಏನೂ ಹೇಳಿಲ್ಲ. ಅದನ್ನು ನೋಡುವುದಕ್ಕೆ ಯಾರ ಅಪ್ಪಣೆಯೂ ಬೇಡ. ನಿಮ್ಮ ಅಮ್ಮನಿಗೆ ಅದು ತಲುಪಲಿ.

ಹಾಗಾಗಿ ಮಲ್ಲಿಗೆ, ಕನಕಾಂಬರ, ಕಾಕಡ ಬುಟ್ಟಿಯಲ್ಲಿ ಬೇಡ. ಅವು ಮುಡಿಯ ಹೂವು, ಆ ನೆನಪನ್ನೇ ಕೆದಕುತ್ತವೆ. ಸುಗಂಧರಾಜವೂ ಬೇಡ. ಬೊಕೆ ಮಾಡುವವರು ಉದ್ದ ಕಡ್ಡಿಯ ಸುಗಂಧರಾಜವನ್ನು ಖುಷಿಯಿಂದ ಸೇರಿಸುತ್ತಾರೆ. ಆದರೆ ಅದು ಹಾರದ ಹೂವು ಕೂಡ ಹೌದು. ಅಪ್ಪನ ಫೋಟೋಗೆ ಹಾಕಿದ ಹಾರದ ವಾಸನೆ ಆ ದಿನ ಮನೆ ತುಂಬುವುದು ಬೇಡ, ಅಲ್ವಾ? ಅಂಗಡಿಯವರಿಗೆ ಇದನ್ನು ಬಿಡಿಸಿ ಹೇಳಿ. ಹೇಳದಿದ್ದರೆ ಅವರಿಗೆ ಗೊತ್ತಾಗುವುದಿಲ್ಲ.

ಇನ್ನು ಅಂಗಡಿ. ಫೋನಿನಲ್ಲಿ ‘ಬೊಕೆ ಡೆಲಿವರಿ’ ಅಂತ ಹುಡುಕಿದರೆ ಮೊದಲು ಸಿಗುವವರಲ್ಲಿ ಹಲವರು ಸಾಗರದವರಾಗಿರುವುದಿಲ್ಲ. ಅವರು ದೂರದ ಊರಿನಲ್ಲಿ ಕೂತು ಹಣ ಪಡೆದು, ಆಮೇಲೆ ನಿಮ್ಮೂರಿನ ಒಂದು ಅಂಗಡಿಗೆ ಫೋನ್ ಮಾಡಿ ಮಾಡಿಸುತ್ತಾರೆ. ನನಗೂ ಅಂಥ ಆರ್ಡರ್ ಬರುತ್ತಿದ್ದವು. ಒಂದು ಸಲ ಬೊಕೆ ತಲುಪಿದ ಮೇಲೆ ಕಳಿಸಿದವರೇ ಫೋನ್ ಮಾಡಿ ಅತ್ತುಬಿಟ್ಟರು. ಅವರು ಕೊಟ್ಟಿದ್ದು 1,200 ರೂಪಾಯಿ. ನನ್ನ ಕೈಗೆ ಬಂದಿದ್ದು 600. ಫೋಟೋದಲ್ಲಿ ಲಿಲ್ಲಿ ಇತ್ತು, ನನಗೆ ಅದನ್ನು ಯಾರೂ ತೋರಿಸಿರಲಿಲ್ಲ. ಆ ಹೆಣ್ಣುಮಗಳ ದನಿ ಇವತ್ತಿಗೂ ಕಿವಿಯಲ್ಲಿದೆ. ಆವತ್ತಿನಿಂದ ನಾನು ಅಂಥ ಆರ್ಡರ್ ಹಿಡಿಯುವುದನ್ನು ಬಿಟ್ಟೆ.

ನೇರವಾಗಿ ಊರಿನ ಅಂಗಡಿಗೇ ಫೋನ್ ಮಾಡಿ. ದೇವಸ್ಥಾನದ ಬದಿಯ ಹೂವಿನವರು ಹಾರ, ದಂಡೆ ಚೆನ್ನಾಗಿ ಕಟ್ಟುತ್ತಾರೆ, ಬೊಕೆ ಅವರ ಕೆಲಸ ಅಲ್ಲ. ಮದುವೆ ಮಂಟಪ, ಕಾರು ಡೆಕೋರೇಷನ್ ಮಾಡುವವರನ್ನು ಹಿಡಿಯಿರಿ. ಅವರ ಹತ್ತಿರ ಜರ್ಬೆರಾ, ಕಾರ್ನೇಷನ್ ಇರುತ್ತವೆ, ಕೈಯೂ ಪಳಗಿರುತ್ತದೆ. ನಂಬರ್ ಬೇಕಾದರೆ ಅಲ್ಲಿನ ಯಾವುದಾದರೂ ಕಲ್ಯಾಣ ಮಂಟಪದ ಆಫೀಸಿಗೆ ಕೇಳಿ, ಸಂತೋಷದಿಂದ ಕೊಡುತ್ತಾರೆ.

ಫೋನ್ ಮಾಡಿದಾಗ ‘ಈ ಫೋಟೋದ ಹಾಗೆ ಬೇಕು’ ಅನ್ನಬೇಡಿ. ‘ನಿಮಗೆ ಲೋಡ್ ಯಾವ ದಿನ ಬರುತ್ತದೆ?’ ಅಂತ ಕೇಳಿ. ನಿಮ್ಮ ಬೊಕೆಯ ಹಣೆಬರಹ ಇರುವುದು ಆ ಉತ್ತರದಲ್ಲಿ. ಕಡ್ಡಿಯ ಹೂವು ಹೆಚ್ಚಾಗಿ ಬೆಂಗಳೂರು ಕಡೆಯಿಂದ ಬರುತ್ತದೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸೂರು ಸುತ್ತಲಿನ ಪಾಲಿಹೌಸುಗಳಲ್ಲಿ ಬೆಳೆದು, ಹೆಬ್ಬಾಳದ ಹರಾಜು ಕೇಂದ್ರಕ್ಕೋ ಕೆ.ಆರ್. ಮಾರ್ಕೆಟ್ಟಿಗೋ ಬಂದು, ರಟ್ಟಿನ ಡಬ್ಬಗಳಲ್ಲಿ ರಾತ್ರಿ ಬಸ್ಸು ಹತ್ತುತ್ತದೆ. ಗುಲಾಬಿ 20ರ ಕಟ್ಟು, ಜರ್ಬೆರಾ 10ರ ಕಟ್ಟು. ನಾನು 19 ವರ್ಷ ಬೆಳಗಿನ ಜಾವ ಬಸ್ ಸ್ಟ್ಯಾಂಡಿನಲ್ಲಿ ಆ ಡಬ್ಬಗಳಿಗೆ ಕಾದಿದ್ದೇನೆ. ಡಬ್ಬದ ಮುಚ್ಚಳ ತೆಗೆದಾಗ ಒಳಗಿನಿಂದ ಬರುವ ಆ ತಣ್ಣನೆಯ ಹಸಿ ವಾಸನೆ ಈಗಲೂ ಬೇಕೆನಿಸುತ್ತದೆ.

ಜುಲೈ ಅಂದರೆ ಬಹುಪಾಲು ಆಷಾಢ. ಮದುವೆ ಇರುವುದಿಲ್ಲ, ಸಣ್ಣ ಊರಿನವರು ಲೋಡ್ ತರಿಸುವುದನ್ನೇ ಕಡಿಮೆ ಮಾಡುತ್ತಾರೆ. ಹಿಂದಿನ ದಿನ ಫೋನ್ ಮಾಡಿದರೆ ವಾರದ ಹಿಂದಿನ ಹೂವೇ ಗತಿ. ನಾಲ್ಕು ದಿನ ಮುಂಚೆ ಹೇಳಿ, ಅರ್ಧ ಹಣ ಮೊದಲೇ ಹಾಕಿಬಿಡಿ. ಆಗ ಅವರು ನಿಮಗೆಂದೇ ಒಂದೆರಡು ಕಟ್ಟು ಹೇಳುತ್ತಾರೆ. ಒಳ್ಳೆಯ ಸಂಗತಿ ಏನೆಂದರೆ ಆಷಾಢದಲ್ಲಿ ದರ ಇಳಿದಿರುತ್ತದೆ. ಇದೇ ಬುಟ್ಟಿ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಕೇಳಿದರೆ ರೇಟು ಕೇಳಿಯೇ ಗಾಬರಿಯಾಗುತ್ತದೆ. ನನ್ನ ಅಂದಾಜಿನಲ್ಲಿ 700–800 ರೂಪಾಯಿಗೆ ಚೆಂದದ ಬುಟ್ಟಿ ಆಗಬೇಕು. ಆಟೋ ಖರ್ಚು ಬೇರೆ.

ಬಣ್ಣ? ಹಳದಿ. ಮಳೆಗಾಲದ ಮಲೆನಾಡಿನ ಮನೆ ಹಗಲಿನಲ್ಲೂ ಮಬ್ಬು. ಕರೆಂಟು ಯಾವಾಗ ಹೋಗುತ್ತದೋ ಗೊತ್ತಿಲ್ಲ. ಆ ಕತ್ತಲಲ್ಲಿ ಕೆಂಪು ಗುಲಾಬಿ ಕಪ್ಪಾಗಿ ಕಾಣುತ್ತದೆ, ಹಳದಿ ಜರ್ಬೆರಾ ದೀಪ ಹಚ್ಚಿಟ್ಟ ಹಾಗೆ ಕಾಣುತ್ತದೆ. ಹಳದಿ ಆರು, ಕಿತ್ತಳೆ ನಾಲ್ಕು, ಬಿಳಿ ಸೇವಂತಿಗೆ ಒಂದು ಹಿಡಿ ಸಾಕು. ಮಳೆಗಾಲದಲ್ಲಿ ಗುಲಾಬಿಯ ಎಸಳಿಗೆ ಕಂದು ಚುಕ್ಕೆ ಬಿದ್ದು ಬೂಸ್ಟು ಹತ್ತುವುದು ಬೇಗ. ಸೇವಂತಿಗೆ ವಾರ ತಡೆಯುತ್ತದೆ. ನಡುವೆ ತುಂಬಲು ಬೆಂಗಳೂರಿನ ಎಲೆ ಬೇಡ, ಆ ಹೊತ್ತಿಗೆ ಸಾಗರದ ಪ್ರತಿ ಧರೆಯಲ್ಲೂ (ಕಡಿದ ಮಣ್ಣಿನ ಗೋಡೆ) ಜರಿಗಿಡ ಹಸಿರಾಗಿ ಚಿಮ್ಮಿರುತ್ತದೆ. ಅದನ್ನೇ ಹಾಕಲು ಹೇಳಿ. ಹೊಳೆಯುವ ಪುಡಿ, ಬಣ್ಣ ಅದ್ದಿದ ನೀಲಿ ಹೂವು, ಸುತ್ತಲೂ ಬಿಗಿಯಾದ ಪ್ಲಾಸ್ಟಿಕ್ ಇವು ಮೂರೂ ಬೇಡ ಅಂತ ಗಟ್ಟಿಯಾಗಿ ಹೇಳಿ. ಪ್ಲಾಸ್ಟಿಕ್ಕಿನೊಳಗೆ ಹೂವು ಬೆವರಿ ಕೊಳೆಯುತ್ತದೆ.

ಒಂದು ಮಾತು ಮರೆಯುತ್ತಿದ್ದೆ. ನಿಮ್ಮ ಅಮ್ಮನ ಅಂಗಳದಲ್ಲಿ ಡೇರೆ, ಅಂದರೆ ಡೇಲಿಯಾ ಗಿಡ ಇದೆಯಾ? ಮಲೆನಾಡಿನ ಹೆಂಗಸರು ಮಳೆ ಶುರುವಾಗುವಾಗ ಡೇರೆ ಗೆಡ್ಡೆ ನೆಡುತ್ತಾರೆ. ಒಬ್ಬರ ಮನೆಯ ಬಣ್ಣ ಇನ್ನೊಬ್ಬರ ಮನೆಗೆ ಹೋಗುತ್ತದೆ. ಅಪ್ಪ ಹೋದ ಮೇಲೂ ಅವರು ಗೆಡ್ಡೆ ನೆಡುತ್ತಿದ್ದರೆ ಹೂವಿನ ಮೇಲಿನ ಪ್ರೀತಿ ಎಲ್ಲೂ ಹೋಗಿಲ್ಲ ಅಂತ ತಿಳಿಯಿರಿ. ಫೋನಿನಲ್ಲಿ ಕೇಳಿ ನೋಡಿ, ಈ ವರ್ಷ ಯಾವ ಬಣ್ಣ ಬಂತು ಅಂತ.

ಕೈಬೊಕೆಗಿಂತ ಬುಟ್ಟಿ ವಾಸಿ. ಆರು ಕಿಲೋಮೀಟರ್ ಮಣ್ಣುರಸ್ತೆಯಲ್ಲಿ ಬೈಕಿನ ಮೇಲೆ ಬೊಕೆ ಮಲಗಿಸಿಕೊಂಡು ಹೋದರೆ ಜರ್ಬೆರಾದ ಕುತ್ತಿಗೆ ಉಳಿಯುವುದಿಲ್ಲ. ಬುಟ್ಟಿ ಆಟೋದಲ್ಲಿ ನೆಟ್ಟಗೆ ಕೂರುತ್ತದೆ. ಬೆತ್ತದ ಬುಟ್ಟಿಯಾದರೆ ಆಮೇಲೆ ಅಮ್ಮನಿಗೆ ದೇವರಿಗೆ ಹೂ ಕೊಯ್ಯಲು ಆಗುತ್ತದೆ. ಬುಟ್ಟಿಯೊಳಗೆ ಹಸಿರು ಫೋಮ್ ಇಡುತ್ತಾರೆ. ಅದನ್ನು ನೀರಿನ ಮೇಲೆ ಇಟ್ಟು, ತಾನಾಗಿ ಮುಳುಗಲು ಬಿಡಬೇಕು. ಅವಸರಕ್ಕೆ ಕೈಯಿಂದ ಒತ್ತಿದರೆ ನಡುವೆ ಗಾಳಿ ಉಳಿದು ಒಳಗೆ ಒಣಗಿಯೇ ಇರುತ್ತದೆ, ಹೂವು ಸಂಜೆಗೇ ಬಾಡುತ್ತದೆ. ಇದನ್ನು ಹೇಳಲು ಸಂಕೋಚ ಬೇಡ. ಅಮ್ಮನಿಗೂ ಹೇಳಿಬಿಡಿ: ದಿನಕ್ಕೆ ಅರ್ಧ ಲೋಟ ನೀರು ಫೋಮಿಗೆ. ಮತ್ತೆ, ಬಾಳೆಗೊನೆ ಹಣ್ಣಿಗಿಟ್ಟ ಕೋಣೆಯಲ್ಲಿ ಬುಟ್ಟಿ ಇಡಬಾರದು. ಹಣ್ಣಾಗುವಾಗ ಹೊರಡುವ ಎಥಿಲೀನ್ ಅನಿಲಕ್ಕೆ ಹೂವೂ ಬೇಗ ಸೊರಗುತ್ತದೆ. ಕಾರ್ನೇಷನ್ ಅಂತೂ ತಡೆಯುವುದೇ ಇಲ್ಲ.

ವಿಳಾಸಕ್ಕೆ ಪಿನ್ ಕೋಡು, ಲೊಕೇಶನ್ ನಂಬಬೇಡಿ. ಮಳೆಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಯಾವ ಬಸ್ ಸ್ಟಾಪು, ಅಲ್ಲಿಂದ ಎಡಕ್ಕೋ ಬಲಕ್ಕೋ, ದಣಪೆ (ಬೇಲಿಯ ಗೇಟು) ದಾಟಿದ ಮೇಲೆ ಎಷ್ಟನೇ ಮನೆ, ನಾಯಿ ಕಟ್ಟಿದೆಯೋ ಬಿಟ್ಟಿದೆಯೋ, ಇಷ್ಟನ್ನೂ ಒಂದು ವಾಯ್ಸ್ ಮೆಸೇಜಿನಲ್ಲಿ ಹೇಳಿ ಕಳಿಸಿ. ಪಕ್ಕದ ಮನೆಯವರಿಗೆ ಮಾತ್ರ ಗುಟ್ಟು ತಿಳಿಸಿ. ಒಬ್ಬರೇ ಇರುವ ಅಮ್ಮನ ಮನೆಗೆ ಗೊತ್ತಿಲ್ಲದ ಹುಡುಗ ಬಂದು ಬಾಗಿಲು ತಟ್ಟುವುದು ಸರಿಯಲ್ಲ. ಪಕ್ಕದ ಮನೆಯವರು ಜೊತೆಗೆ ಬಂದರೆ ಅಮ್ಮ ಗಾಬರಿಯಾಗುವುದಿಲ್ಲ. ಹೊರಡುವ ಮೊದಲು ಬುಟ್ಟಿಯ ಫೋಟೋ ಕಳಿಸಲು ಹೇಳಿ. ಬೆಳಿಗ್ಗೆ ಹತ್ತರಿಂದ ಹನ್ನೊಂದು ಒಳ್ಳೆಯ ಹೊತ್ತು. ತಿಂಡಿ, ಪೂಜೆ ಮುಗಿದಿರುತ್ತದೆ, ಇಡೀ ದಿನ ನೋಡಲು ಸಿಗುತ್ತದೆ.

ಅಂಗಡಿಯ ‘ಹ್ಯಾಪಿ ಬರ್ತ್‌ಡೇ’ ಕಾರ್ಡು ಬೇಡ. ಒಂದು ಹಾಳೆಯಲ್ಲಿ ನಿಮ್ಮ ಕೈಯಲ್ಲೇ ಬರೆಯಿರಿ, ಫೋಟೋ ತೆಗೆದು ಕಳಿಸಿ. ಪಕ್ಕದ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ಬುಟ್ಟಿಗೆ ಸಿಕ್ಕಿಸುತ್ತಾರೆ. ಅಕ್ಷರ ದೊಡ್ಡದಿರಲಿ, ಅಮ್ಮ ಕನ್ನಡಕ ಹುಡುಕುವ ಹಾಗಾಗಬಾರದು. ಏನು ಬರೆಯಬೇಕು ಅಂತ ಕೇಳಿದರೆ ನಾನು ಹೇಳುವುದು ಇಷ್ಟೇ: ‘ಇದು ದೇವರಿಗಲ್ಲ, ನಿನಗೆ’ ಅಂತ ಬರೆಯಿರಿ.

ಪ್ರಶ್ನೆ: ಮಗಳ ಹುಟ್ಟುಹಬ್ಬಕ್ಕೆ ಬಂದ ಬೊಕೆಯಲ್ಲಿ ಜರ್ಬೆರಾ ಮರುದಿನವೇ ತಲೆ ಬಗ್ಗಿಸಿತು. ಉಳಿದ ಹೂವು ಚೆನ್ನಾಗಿತ್ತು. ಯಾಕೆ ಹೀಗೆ?
– ಓದುಗರೊಬ್ಬರು, ಅರಸೀಕೆರೆ

ಉತ್ತರ: ನೀರು ಜಾಸ್ತಿ ಹಾಕಿರುತ್ತೀರಿ. ಜರ್ಬೆರಾದ ದಂಟು ಮೆತ್ತಗೆ, ಮೈತುಂಬ ಸಣ್ಣ ರೋಮ. ಆಳದ ನೀರಿನಲ್ಲಿ ನಿಂತರೆ ಕೊಳೆತು, ಬ್ಯಾಕ್ಟೀರಿಯಾ ತುಂಬಿ, ನೀರು ಮೇಲೇರುವ ದಾರಿ ಮುಚ್ಚಿಹೋಗುತ್ತದೆ. ಎರಡು ಇಂಚು ನೀರು ಸಾಕು. ಪಾತ್ರೆ ಸೋಪು ಹಾಕಿ ತೊಳೆದಿರಬೇಕು, ನೀರು ದಿನವೂ ಬದಲಿಸಬೇಕು. ತಲೆ ಬಗ್ಗಿದ ಹೂವನ್ನು ಕೂಡಲೇ ಎಸೆಯಬೇಡಿ. ತುದಿ ಒಂದು ಇಂಚು ಓರೆಯಾಗಿ ಕತ್ತರಿಸಿ, ಹಳೆ ಪೇಪರಿನಲ್ಲಿ ನೆಟ್ಟಗೆ ಬಿಗಿಯಾಗಿ ಸುತ್ತಿ, ಎರಡು ಗಂಟೆ ನೀರಿನಲ್ಲಿ ನಿಲ್ಲಿಸಿ. ಕೊಳೆತಿರದಿದ್ದರೆ ಎಷ್ಟೋ ಸಲ ಮತ್ತೆ ತಲೆ ಎತ್ತುತ್ತದೆ.

ಪ್ರಶ್ನೆ: ಗೆಳತಿಗೆ ಬೊಕೆ ಕೊಡಬೇಕು. ಅವಳಿಗೆ ಶಂಕರಪುರ ಮಲ್ಲಿಗೆ ಅಂದರೆ ಪ್ರಾಣ. ಬೊಕೆಯೊಳಗೇ ಮಲ್ಲಿಗೆ ಸೇರಿಸಬಹುದೇ?
– ಓದುಗರೊಬ್ಬರು, ಉಡುಪಿ

ಉತ್ತರ: ಸೇರಿಸಬೇಡಿ, ಜೊತೆಗೆ ಕೊಡಿ. ಕಟ್ಟಿದ ಮಲ್ಲಿಗೆಗೆ ನೀರು ಕುಡಿಯಲು ದಂಟೇ ಇಲ್ಲ. ಬೊಕೆಯಲ್ಲಿ ಸುತ್ತಿದರೆ ಮರುದಿನಕ್ಕೆ ಅದು ಕಂದಾಗುತ್ತದೆ, ಉಳಿದ ಹೂವೂ ಬಾಡಿದ ಹಾಗೆ ಕಾಣುತ್ತದೆ. ನಿಮ್ಮೂರಲ್ಲಿ ಕಟ್ಟಿದ ಮಲ್ಲಿಗೆ ಮಾರುವುದು ಚೆಂಡು, ಅಟ್ಟೆ ಲೆಕ್ಕದಲ್ಲಿ. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಗೆಳತಿಗೆ ಒಂದು ಚೆಂಡು ಸಾಕು. ದರ ದಿನದಿನಕ್ಕೆ ಏರಿಳಿಯುತ್ತದೆ, ಬೆಳಿಗ್ಗೆಯೇ ವಿಚಾರಿಸಿಕೊಳ್ಳಿ. ಬಾಳೆಲೆಯಲ್ಲಿ ಸಡಿಲವಾಗಿ ಸುತ್ತಿಸಿ, ನೀರು ಚಿಮುಕಿಸಬೇಡಿ. ಮೊದಲು ಬೊಕೆ ಕೈಗೆ ಕೊಡಿ. ಅವಳು ಅದನ್ನು ನೋಡುತ್ತಿರುವಾಗ ಬಾಳೆಲೆಯ ಪೊಟ್ಟಣ ಬಿಚ್ಚಿ.