ನಾಲಿಗೆ ಮೇಲೇರದಿದ್ದರೆ ಅಂಗುಳವನ್ನೇ ಇಳಿಸುವ ಪ್ಲೇಟ್

ಪ್ರಶ್ನೆ: ಅಣ್ಣನಿಗೆ ಕ್ಯಾನ್ಸರ್ ಆಗಿ ನಾಲಿಗೆಯ ಎಡ ಅರ್ಧ ತೆಗೆದಿದ್ದಾರೆ. ರೇಡಿಯೇಷನ್ನೂ ಮುಗಿದಿದೆ. ಮಾತು ತಿಳಿಯುವುದಿಲ್ಲ, ತುತ್ತು ಬಾಯಲ್ಲೇ ಉಳಿಯುತ್ತದೆ. ಅಂಗುಳಕ್ಕೆ ಪ್ಲೇಟ್ ಮಾಡಿಸಿ ಎಂದಿದ್ದಾರೆ. ತೊಂದರೆ ನಾಲಿಗೆಯದು, ಅಂಗುಳಕ್ಕೇಕೆ ಪ್ಲೇಟ್?

ಉತ್ತರ: ತ, ದ ಹೇಳಲು ನಾಲಿಗೆಯ ತುದಿ ಮೇಲಿನ ಹಲ್ಲುಗಳ ಹಿಂಬದಿಗೆ ತಾಗಬೇಕು, ಕ, ಗ ಹೇಳಲು ನಾಲಿಗೆಯ ಹಿಂಭಾಗ ಮೆದು ಅಂಗುಳಕ್ಕೆ ತಾಗಬೇಕು. ತುತ್ತನ್ನು ಗಂಟಲಿಗೆ ತಳ್ಳುವುದೂ ನಾಲಿಗೆ ಅಂಗುಳಕ್ಕೆ ಒತ್ತಿದಾಗಲೇ. ಉಳಿದ ಅರ್ಧಕ್ಕೆ ಅಷ್ಟು ಮೇಲೇರಲಾಗದು, ಹಾಗಾಗಿ ಅಂಗುಳವನ್ನೇ ಕೆಳಗೆ ತರುತ್ತಾರೆ. ಇದು ಮೇಲಿನ ಹಲ್ಲುಗಳನ್ನು ತಂತಿಯ ಕೊಕ್ಕೆಗಳಿಂದ ಹಿಡಿದು ನಿಲ್ಲುವ, ತೆಗೆದು ಹಾಕಬಹುದಾದ ಅಕ್ರಿಲಿಕ್ (ಗಟ್ಟಿ ಪ್ಲಾಸ್ಟಿಕ್) ಪ್ಲೇಟ್. ಹಲ್ಲಿಲ್ಲದವರಿಗೆ ಮೇಲಿನ ಹಲ್ಲು ಸೆಟ್ಟಿನಲ್ಲೇ ಸೇರಿಸುತ್ತಾರೆ.

ಎಲ್ಲಿ ಎಷ್ಟು ದಪ್ಪ ಎಂಬುದನ್ನು ನಿಮ್ಮ ಅಣ್ಣನ ನಾಲಿಗೆಯೇ ಹೇಳಬೇಕು. ಪ್ಲೇಟಿನ ಕೆಳಮೈಗೆ ಮೆದುವಾದ ಮೇಣವನ್ನೋ ಟಿಶ್ಯೂ ಕಂಡೀಷನರ್ ಎಂಬ, ಒತ್ತಿದ ಆಕಾರ ತಾಳುವ ಮೆದು ಲೇಪವನ್ನೋ ಹಚ್ಚಿ, ನುಂಗಿಸಿ, ತ, ಲ, ಸ, ಕ ಹೇಳಿಸುತ್ತಾರೆ. ನಾಲಿಗೆ ಒತ್ತಿದಲ್ಲಿ ಅಚ್ಚು ಮೂಡುತ್ತದೆ. ತಾಗದಲ್ಲಿ ಇನ್ನಷ್ಟು ಸೇರಿಸುತ್ತಾರೆ. ಆಕಾರ ಒಪ್ಪಿದ ಮೇಲೆ ಅದನ್ನೇ ಗಟ್ಟಿ ಅಕ್ರಿಲಿಕ್‌ಗೆ ಬದಲಿಸುತ್ತಾರೆ. ದಪ್ಪ ಹೆಚ್ಚಾದರೆ ನಾಲಿಗೆ ಆಡಲು ಜಾಗ ಸಾಲದೆ ಸ್ವರಗಳೇ ಕೆಡುತ್ತವೆ, ಗಾಳಿ ಹರಿಯುವ ದಾರಿ ಮುಚ್ಚಿ ಸ, ಶ ಮಸುಕಾಗುತ್ತವೆ. ಹಿಂದಕ್ಕೆ ಉದ್ದವಾದರೆ ವಾಕರಿಕೆ ಬರುತ್ತದೆ. ನುಂಗಲು ಒಪ್ಪುವ ಆಕಾರ ಮಾತಿಗೆ ಒಪ್ಪದಿರಬಹುದು. ಆದ್ದರಿಂದ ಪ್ರಾಸ್ಥೊಡಾಂಟಿಸ್ಟ್ (ಕೃತಕ ಹಲ್ಲು, ಪ್ಲೇಟ್ ಮಾಡುವ ದಂತವೈದ್ಯ) ಅಚ್ಚು ತೆಗೆಯುವಾಗ ಸ್ಪೀಚ್ ಥೆರಪಿಸ್ಟ್ ಪಕ್ಕದಲ್ಲೇ ಇರಲಿ ಎಂದು ಒತ್ತಾಯಿಸಿ, ಸಂಕೋಚ ಬೇಡ.

ಪ್ಲೇಟ್ ನೆರವಾಗುವುದು ಬಾಯಿಯೊಳಗಿನ ಹಂತಕ್ಕೆ ಮಾತ್ರ. ಉಣ್ಣುವಾಗ ಕೆಮ್ಮು, ಉಂಡ ಮೇಲೆ ಗೊರಗೊರ ದನಿ, ಮತ್ತೆ ಮತ್ತೆ ಕಫ, ಜ್ವರ ಇದ್ದರೆ ಆಹಾರ ಶ್ವಾಸನಾಳಕ್ಕೆ ಇಳಿಯುತ್ತಿರಬಹುದು. ಮೊದಲು ವಿಡಿಯೊಫ್ಲೋರೋಸ್ಕೋಪಿ (ನುಂಗುವುದನ್ನು ಎಕ್ಸ್‌ರೇ ವಿಡಿಯೊದಲ್ಲಿ ನೋಡುವ ಪರೀಕ್ಷೆ) ಮಾಡಿಸಿ. ತಲೆ ಹಿಂದಕ್ಕೆ ಬಾಗಿಸಿ ನುಂಗುವ ಉಪಾಯ ಅಂಥವರಿಗೆ ಅಪಾಯ. ತುತ್ತನ್ನು ಬಲಗಡೆಗೆ ಇಟ್ಟು ತಲೆಯನ್ನು ಬಲಕ್ಕೆ ವಾಲಿಸುವುದನ್ನು ಥೆರಪಿಸ್ಟ್ ಮುಂದೆ ಕಲಿಯಲಿ.

ಬಾಯಿ 35 ಮಿಲಿಮೀಟರಿಗಿಂತ ಕಡಿಮೆ ತೆರೆಯುತ್ತಿದ್ದರೆ ಅಚ್ಚು ತೆಗೆಯುವುದೇ ಕಷ್ಟ. ಮೊದಲು ದವಡೆಯ ವ್ಯಾಯಾಮ ಆಗಲಿ. ರೇಡಿಯೇಷನ್ನಿಂದ ಒಣಗಿದ ಬಾಯಿ ಪ್ಲೇಟ್ ಉಜ್ಜಿ ಬೇಗ ಹುಣ್ಣಾಗುತ್ತದೆ. ಪ್ಲೇಟನ್ನು ಮನೆಯಲ್ಲೇ ಅರ ಹಾಕಿ ಉಜ್ಜಬೇಡಿ, ವೈದ್ಯರಿಂದ ಸರಿ ಮಾಡಿಸಿ. ಸರಿ ಮಾಡಿಸಿದ ಮೇಲೂ 2 ವಾರದಲ್ಲಿ ಮಾಯದ ಹುಣ್ಣನ್ನು ಆಪರೇಷನ್ ಮಾಡಿದವರಿಗೆ ತೋರಿಸಲೇಬೇಕು. ರಾತ್ರಿ ಪ್ಲೇಟ್ ತೆಗೆದು, ಮೆದು ಬ್ರಷ್ಷಿನಿಂದ ತೊಳೆದು ತಣ್ಣೀರಲ್ಲಿಡಿ. ಬಿಸಿನೀರಿಗೆ ಅಕ್ರಿಲಿಕ್ ಸೊಟ್ಟಗಾಗುತ್ತದೆ.

ಪ್ರಶ್ನೆ: ಇಡೀ ನಾಲಿಗೆ ತೆಗೆದವರಿಗೂ ಇದು ಆಗುತ್ತದೆಯೇ?

ಉತ್ತರ: ಶಸ್ತ್ರಚಿಕಿತ್ಸೆಯಲ್ಲಿ ಬೇರೆಡೆಯ ಮಾಂಸ ತಂದು ನಾಲಿಗೆಯ ಜಾಗ ತುಂಬಿದ್ದು, ಅದು ಸ್ವಲ್ಪವಾದರೂ ಏರುವಂತಿದ್ದರೆ ಆಗಬಹುದು. ಇಲ್ಲವಾದರೆ ಕೆಳದವಡೆಗೆ ಕೃತಕ ನಾಲಿಗೆ ಕೂರಿಸುತ್ತಾರೆ. ಕೆಲವರಿಗೆ ಮಾತಿಗೊಂದು, ಊಟಕ್ಕೊಂದು ಎಂದು ಎರಡು ಬೇಕಾಗುತ್ತವೆ. ಊಟದ್ದಕ್ಕೆ ಆಹಾರ ಹಿಂದಕ್ಕೆ ಜಾರಲೆಂದು ಗಂಟಲಿನತ್ತ ಇಳಿಜಾರು ಕೊಟ್ಟಿರುತ್ತಾರೆ. ಕೃತಕ ನಾಲಿಗೆ ನಿಲ್ಲಲು ಕೆಳಗೆ ಗಟ್ಟಿ ಹಲ್ಲುಗಳಿರಬೇಕು. ರೇಡಿಯೇಷನ್ ಆದ ದವಡೆಯ ಹಲ್ಲನ್ನು ಕ್ಯಾನ್ಸರ್ ಚಿಕಿತ್ಸೆ ಕೊಟ್ಟ ತಂಡವನ್ನು ಕೇಳದೆ ಕೀಳಿಸಬೇಡಿ, ಎಲುಬು ಕೊಳೆಯುವ ಅಪಾಯವಿದೆ.